ಅಲಾಸ್ಕಾ ಕ್ರೂಸ್: ಮೊದಲು ತಿಂಗಳು, ಆಮೇಲೆ ಹಿಮನದಿ, ಕೊನೆಗೆ ಹಡಗು

ಅಲಾಸ್ಕಾ ಕ್ರೂಸ್‌ಗೆ ಹೋಗೋಣ ಅಂತ ಮನೆಯಲ್ಲಿ ಮಾತು ಶುರುವಾದ ಕೂಡಲೇ ಎಲ್ಲರೂ ಹುಡುಕುವುದು ಹಡಗನ್ನು. ಯಾವುದು ದೊಡ್ಡದು, ಮಕ್ಕಳಿಗೆ ಆಟಕ್ಕೆ ಏನಿದೆ, ಊಟ ಹೇಗೆ, ಯಾವ ವಾರ ಅಗ್ಗ. ನಾವೂ ಹಾಗೇ ಮಾಡಿದ್ದೆವು. ಜೂನ್ ಮೊದಲ ವಾರದ ಟಿಕೆಟ್ ಕಡಿಮೆ ಬೆಲೆಗೆ ಸಿಕ್ಕಿತು, ತೆಗೆದುಕೊಂಡೆವು. ಹಿಮನದಿಗಳನ್ನು ಕಣ್ತುಂಬ ನೋಡಿದೆವು. ಆದರೆ ಕೆಚಿಕನ್ ಊರಿನ ಹಳ್ಳದ ಸೇತುವೆ ಮೇಲೆ ಅರ್ಧ ಗಂಟೆ ನಿಂತರೂ ಮಗಳಿಗೆ ಒಂದು ಸಾಲ್ಮನ್ ಮೀನು ಕೂಡ ಕಾಣಲಿಲ್ಲ. ಎರಡು ವರ್ಷದ ನಂತರ ಅಪ್ಪ ಅಮ್ಮ ಊರಿಂದ ಅಮೆರಿಕಕ್ಕೆ ಬಂದಾಗ ಆಗಸ್ಟ್‌ನಲ್ಲಿ ಮತ್ತೆ ಹೋದೆವು. ಅದೇ ಸೇತುವೆ, ಅದೇ ಹಳ್ಳ. ತಳ ಕಾಣದಷ್ಟು ಮೀನು!

ಅದಕ್ಕೇ ಹೇಳುತ್ತಿದ್ದೇನೆ, ಹಡಗನ್ನು ಕೊನೆಗೆ ಆರಿಸಿ. ಹಿಮನದಿ ವರ್ಷವಿಡೀ ಅಲ್ಲೇ ಇರುತ್ತದೆ. ಸಾಲ್ಮನ್ ಹಾಗಲ್ಲ. ಅದಕ್ಕೆ ಅದರದೇ ಕ್ಯಾಲೆಂಡರ್ ಇದೆ, ನಮ್ಮ ರಜೆ ನೋಡಿಕೊಂಡು ಅದು ಬರುವುದಿಲ್ಲ.

ಮೇ, ಜೂನ್ ಅಥವಾ ಆಗಸ್ಟ್?

ಮಲೆನಾಡಿನವರಿಗೆ ಹತ್ತುಮೀನು ಗೊತ್ತು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆಯ ಮೀನುಗಳು ಹಳ್ಳ, ತೋಡು ಹಿಡಿದು ಮೇಲಕ್ಕೆ ಹತ್ತುತ್ತವೆ, ಗದ್ದೆಗೂ ಬರುತ್ತವೆ. ಸಾಲ್ಮನ್ ಮಾಡುವುದೂ ಹೆಚ್ಚು ಕಡಿಮೆ ಅದನ್ನೇ, ಆದರೆ ಸಮುದ್ರದಿಂದ. ಹಳ್ಳದ ಸಿಹಿನೀರಿನಲ್ಲಿ ಹುಟ್ಟಿ, ಕಡಲಿಗೆ ಹೋಗಿ ಬೆಳೆದು, ಮೊಟ್ಟೆ ಇಡಲು ಹುಟ್ಟಿದ ಹಳ್ಳಕ್ಕೇ ವಾಪಸ್ ಬರುತ್ತದೆ. ಸಿಹಿನೀರಿಗೆ ಬಂದ ಮೇಲೆ ಊಟ ಬಿಡುತ್ತದೆ. ಮೊಟ್ಟೆ ಇಟ್ಟ ಮೇಲೆ ಸಾಯುತ್ತದೆ. ನಮ್ಮ ಹತ್ತುಮೀನಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಅದೇ, ಇದಕ್ಕೆ ಮರಳಿ ಇಳಿಯುವ ದಾರಿಯಿಲ್ಲ.

ಅಲಾಸ್ಕಾದಲ್ಲಿ ಐದು ಜಾತಿಯ ಸಾಲ್ಮನ್ ಇವೆ. ಅಲ್ಲಿನವರು ಮಕ್ಕಳಿಗೆ ಕೈಬೆರಳಲ್ಲಿ ಕಲಿಸುತ್ತಾರೆ. ಹೆಬ್ಬೆರಳು ಚಮ್, ಇಂಗ್ಲಿಷಿನ ಥಮ್‌ಗೆ ಪ್ರಾಸ. ಕಣ್ಣಿಗೆ ಚುಚ್ಚುವ ತೋರುಬೆರಳು ಸಾಕ್‌ಐ. ಎಲ್ಲಕ್ಕಿಂತ ಉದ್ದದ ನಡುಬೆರಳು ಕಿಂಗ್. ಉಂಗುರದ ಬೆರಳು ಸಿಲ್ವರ್. ಕಿರುಬೆರಳು ಪಿಂಕ್. ಹಡಗು ಹತ್ತುವ ಮೊದಲೇ ಇದನ್ನು ಮಕ್ಕಳಿಗೆ ಹೇಳಿಕೊಡಿ. ಹಳ್ಳದ ಹತ್ತಿರ ನಿಂತಾಗ ಅವರೇ ನಿಮಗೆ ತೋರಿಸುತ್ತಾರೆ.

ಕ್ರೂಸ್ ಸೀಸನ್ ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ. ಮೇ ಮತ್ತು ಜೂನ್ ಮೊದಲರ್ಧದಲ್ಲಿ ಮಳೆ ಕಡಿಮೆ, ಬೆಟ್ಟದ ಮೇಲೆ ಹಿಮ ಇನ್ನೂ ದಟ್ಟ, ಹಗಲು ಉದ್ದ. ಜೂನ್‌ನಲ್ಲಿ ಜೂನೋ ಊರಿಗೆ ಸುಮಾರು 18 ಗಂಟೆ ಬೆಳಕು. ಹಿಮನದಿಯ ಫೋಟೋಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಮೇನಲ್ಲಿ ಟಿಕೆಟ್ ದರವೂ ಇಳಿದಿರುತ್ತದೆ. ಆದರೆ ಹಳ್ಳಗಳು ಖಾಲಿ. ಜುಲೈ ಮಧ್ಯದ ಹೊತ್ತಿಗೆ ಜೂನೋದ ಸ್ಟೀಪ್ ಕ್ರೀಕ್‌ಗೆ ಸಾಕ್‌ಐ ಬರಲು ಶುರುವಾಗುತ್ತದೆ. ಮೈಯೆಲ್ಲ ಕೆಂಪು, ತಲೆ ಹಸಿರು. ಕಡಲಲ್ಲಿ ಬೆಳ್ಳಿಯಂತಿದ್ದ ಮೀನು ಇದೇನಾ ಅನ್ನಿಸುತ್ತದೆ. ಕೆಚಿಕನ್‌ನಲ್ಲಿ ಪಿಂಕ್ ಜಾತಿಯ ಮೀನು ಆಗಸ್ಟ್‌ನಲ್ಲಿ ತುಂಬಿ ತುಳುಕುತ್ತದೆ. ಗಂಡು ಮೀನಿನ ಬೆನ್ನಲ್ಲಿ ದೊಡ್ಡ ಗೂನು ಎದ್ದಿರುತ್ತದೆ, ಗುರುತಿಸುವುದು ಸುಲಭ. ಸೆಪ್ಟೆಂಬರ್‌ನಲ್ಲಿ ಸಿಲ್ವರ್ ಬರುತ್ತದೆ, ಜೊತೆಗೆ ಮಳೆಯೂ ಜೋರಾಗುತ್ತದೆ.

ಹಿಮನದಿ, ಸಾಲ್ಮನ್ ಎರಡೂ ಬೇಕು ಅನ್ನುವವರಿಗೆ ಜುಲೈ ಕೊನೆಯ ವಾರದಿಂದ ಆಗಸ್ಟ್ 20ರವರೆಗಿನ ಕಾಲ ಸರಿ. ದರ ಜಾಸ್ತಿ, ಮೋಡ ಜಾಸ್ತಿ, ಜನ ಜಾಸ್ತಿ. ಆದರೂ ನಾನು ಅದನ್ನೇ ಆರಿಸುತ್ತೇನೆ. ಮೋಡ ಕವಿದ ದಿನ ಹಿಮನದಿಯ ನೀಲಿ ಇನ್ನೂ ಗಾಢವಾಗಿ ಕಾಣುತ್ತದೆ, ಹಾಗಾಗಿ ಮೋಡದಿಂದ ನಷ್ಟವೇನೂ ಇಲ್ಲ. ಕರ್ನಾಟಕದಿಂದ ಶಾಲೆಯ ಮಕ್ಕಳನ್ನು ಕರೆದುಕೊಂಡು ಬೇಸಿಗೆ ರಜೆಯಲ್ಲಿ ಬರುವವರಿಗೆ ಮೇ ತಿಂಗಳೇ ಗತಿ ಅಲ್ವಾ? ಹಾಗಿದ್ದರೆ ಅದನ್ನು ಹಿಮನದಿಯ ಪ್ರವಾಸ ಅಂತಲೇ ಅಂದುಕೊಂಡು ಬನ್ನಿ. ಸಾಲ್ಮನ್ ತೋರಿಸುತ್ತೇವೆ ಅಂತ ಮಕ್ಕಳಿಗೆ ಮಾತು ಕೊಡಬೇಡಿ.

ಯಾವ ಹಿಮನದಿ?

ಜಾಹೀರಾತಿನಲ್ಲಿ "ಗ್ಲೇಸಿಯರ್ ಕ್ರೂಸಿಂಗ್" ಅಂತ ಒಂದೇ ಹೆಸರು ಇರುತ್ತದೆ. ಒಳಗೆ ನೋಡಿದರೆ ನಾಲ್ಕೈದು ಬೇರೆ ಬೇರೆ ಜಾಗಗಳು. ಇಲ್ಲಿ ಸ್ವಲ್ಪ ಸಮಯ ಕೊಟ್ಟು ನೋಡಲೇಬೇಕು.

ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಪ್ರವೇಶ. ಎಲ್ಲ ಕಂಪನಿಗಳಿಗೂ ಅನುಮತಿ ಸಿಗುವುದಿಲ್ಲ. ಹಾಲೆಂಡ್ ಅಮೆರಿಕ ಮತ್ತು ಪ್ರಿನ್ಸೆಸ್ ಕಂಪನಿಗಳ ಪಟ್ಟಿಯಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಬೆಳಿಗ್ಗೆ ಉದ್ಯಾನದ ರೇಂಜರ್‌ಗಳು ದೋಣಿಯಲ್ಲಿ ಬಂದು ಹಡಗು ಹತ್ತುತ್ತಾರೆ. ಇಡೀ ದಿನ ಧ್ವನಿವರ್ಧಕದಲ್ಲಿ ವಿವರಿಸುತ್ತಾರೆ, ಮಕ್ಕಳಿಗೆ ಪುಟ್ಟ ಚಟುವಟಿಕೆ ಪುಸ್ತಕ ಕೊಡುತ್ತಾರೆ, ತುಂಬಿಸಿ ತಂದರೆ ಬ್ಯಾಡ್ಜ್ ಸಿಗುತ್ತದೆ. ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಂತು ನಿಧಾನವಾಗಿ ಸುತ್ತು ತಿರುಗುತ್ತದೆ. ಎದುರಿಗೆ ಸುಮಾರು ಒಂದೂವರೆ ಕಿಲೋಮೀಟರ್ ಅಗಲದ ಮಂಜುಗಡ್ಡೆಯ ಗೋಡೆ.

ಈ ಕೊಲ್ಲಿಗೆ ಒಂದು ಕಥೆಯಿದೆ, ಅದನ್ನು ತಿಳಿದು ಹೋದರೆ ನೋಟವೇ ಬದಲಾಗುತ್ತದೆ. 1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್ ತಂಡ ಬಂದಾಗ ಕೊಲ್ಲಿಯೇ ಇರಲಿಲ್ಲ ಅನ್ನಬಹುದು, ಬಾಯಿಯ ಹತ್ತಿರವೇ ಮಂಜುಗಡ್ಡೆ ತುಂಬಿತ್ತು. 1879ರಲ್ಲಿ ನಿಸರ್ಗದ ಬಗ್ಗೆ ಬರೆಯುತ್ತಿದ್ದ ಜಾನ್ ಮ್ಯೂರ್ ಬರುವ ಹೊತ್ತಿಗೆ ಅದು 60 ಕಿಲೋಮೀಟರ್‌ಗೂ ಹೆಚ್ಚು ಹಿಂದೆ ಸರಿದಿತ್ತು. ಇವತ್ತು ಮಂಜು ನೋಡಲು ಹಡಗು ಸುಮಾರು 100 ಕಿಲೋಮೀಟರ್ ಒಳಗೆ ಹೋಗಬೇಕು. ಬಾಯಿಯ ಹತ್ತಿರ ದಟ್ಟ ಕಾಡು, ಒಳಗೆ ಹೋದಂತೆ ಪೊದೆ, ಆಮೇಲೆ ಹುಲ್ಲು, ಕೊನೆಗೆ ಬರೀ ಬಂಡೆ. ಮಂಜು ಬಿಟ್ಟುಕೊಟ್ಟ ನೆಲದಲ್ಲಿ ಕಾಡು ಹೇಗೆ ಹುಟ್ಟುತ್ತದೆ ಅನ್ನುವುದನ್ನು ಒಂದೇ ದಿನದಲ್ಲಿ ಹಿಮ್ಮುಖವಾಗಿ ನೋಡಿದಂತೆ. ಈ ನೆಲ ಇಲ್ಲಿನ ಮೂಲನಿವಾಸಿಗಳಾದ ಹೂನಾ ಟ್ಲಿಂಗಿಟ್ ಜನರದು. ಮಂಜು ಮುನ್ನುಗ್ಗಿ ಬಂದಾಗ ಅವರು ಊರು ಬಿಟ್ಟು ಹೋಗಬೇಕಾಯಿತು. ಹಿಮನದಿಯ ತುಂಡು ಕಳಚಿ ಬೀಳುವ ಸದ್ದಿಗೆ ಅವರು ಇಟ್ಟ ಹೆಸರು "ಬಿಳಿ ಗುಡುಗು". ಮೊದಲು ತುಂಡು ಬೀಳುವುದು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಅಮ್ಮ ಅದನ್ನು ಕೇಳಿ ಕೈ ಮುಗಿದಿದ್ದು ನನಗೆ ಈಗಲೂ ನೆನಪಿದೆ.

ಹಬರ್ಡ್ ಹಿಮನದಿಯ ಲೆಕ್ಕವೇ ಬೇರೆ. ಉತ್ತರ ಅಮೆರಿಕದಲ್ಲಿ ಸಮುದ್ರಕ್ಕೆ ಇಳಿಯುವ ಹಿಮನದಿಗಳಲ್ಲಿ ಇದೇ ಅತಿ ದೊಡ್ಡದು. ಉದ್ದ ಸುಮಾರು 122 ಕಿಲೋಮೀಟರ್, ಮುಖದ ಅಗಲ ಸುಮಾರು 10 ಕಿಲೋಮೀಟರ್. ಬಹುಪಾಲು ಹಿಮನದಿಗಳು ಹಿಂದೆ ಸರಿಯುತ್ತಿರುವಾಗ ಇದು ಮುಂದೆ ಬರುತ್ತಿದೆ. 1986ರಲ್ಲೂ 2002ರಲ್ಲೂ ಪಕ್ಕದಲ್ಲಿ ಬೆಟ್ಟಗಳ ನಡುವೆ ಚಾಚಿದ ಕಡಲಿನ ತೋಳು ರಸೆಲ್ ಫ್ಯೋರ್ಡ್‌ನ ಬಾಯಿಯನ್ನೇ ಕೆಲವು ತಿಂಗಳು ಮುಚ್ಚಿತ್ತು. ಗಾತ್ರ ನೋಡಿ ಬೆರಗಾಗಬೇಕು ಅನ್ನುವವರಿಗೆ ಹಬರ್ಡ್. ಆದರೆ ಸೀಸನ್ ಆರಂಭದಲ್ಲಿ ನೀರಿನ ಮೇಲೆ ತೇಲುವ ಮಂಜುಗಡ್ಡೆ ಜಾಸ್ತಿ ಇದ್ದರೆ ಹಡಗು ದೂರದಲ್ಲೇ ನಿಲ್ಲುತ್ತದೆ.

ಸಿಯಾಟಲ್‌ನಿಂದ ಹೊರಡುವ ಹಲವು ಹಡಗುಗಳು ಹೋಗುವುದು ಎಂಡಿಕಾಟ್ ಆರ್ಮ್‌ಗೆ. ಕಡಿದಾದ ಬಂಡೆಗಳ ನಡುವಿನ ಇಕ್ಕಟ್ಟಾದ ನೀರಿನ ದಾರಿ, ಕೊನೆಯಲ್ಲಿ ಡಾವ್ಸ್ ಹಿಮನದಿ. ಪಕ್ಕದಲ್ಲೇ ಟ್ರೇಸಿ ಆರ್ಮ್ ಇದೆ, ಹಿಂದೆ ಅದೇ ಹೆಚ್ಚು ಜನಪ್ರಿಯ. 2025ರ ಆಗಸ್ಟ್ 10ರಂದು ಅಲ್ಲಿನ ಸೌತ್ ಸಾಯರ್ ಹಿಮನದಿಯ ಹತ್ತಿರ ಬೆಟ್ಟ ಕುಸಿದು ಭಾರೀ ಅಲೆ ಎದ್ದಿತು. ಆಮೇಲೆ ಹಲವು ಕಂಪನಿಗಳು 2026ರ ಪ್ರವಾಸಗಳನ್ನು ಎಂಡಿಕಾಟ್‌ಗೆ ಬದಲಾಯಿಸಿದವು. ಹಳೆಯ ಬ್ಲಾಗ್ ಓದಿ ಟ್ರೇಸಿ ಆರ್ಮ್ ಸಿಗುತ್ತದೆ ಅಂತ ನಂಬಬೇಡಿ. ದೊಡ್ಡ ಹಡಗು ಎಂಡಿಕಾಟ್‌ನಲ್ಲೂ ಎಷ್ಟೋ ಸಲ ಹಿಮನದಿಯ ತುದಿ ಮುಟ್ಟದೆ ತಿರುಗಿ ಬರುತ್ತದೆ. ಹಡಗಿನಿಂದಲೇ ಸಣ್ಣ ಕ್ಯಾಟಮರಾನ್ ದೋಣಿಗೆ ಇಳಿಸಿ ಒಳಗೆ ಕರೆದುಕೊಂಡು ಹೋಗುವ ಪ್ಯಾಕೇಜ್ ಇದ್ದರೆ, ಆ ದುಡ್ಡಿಗೆ ಮೋಸವಿಲ್ಲ.

ಗ್ಲೇಸಿಯರ್ ಬೇಗೆ ಟಿಕೆಟ್ ಸಿಕ್ಕರೆ ಬೇರೆ ಯೋಚನೆ ಬೇಡ, ಅದನ್ನೇ ತೆಗೆದುಕೊಳ್ಳಿ. ವಯಸ್ಸಾದವರೂ ಚಿಕ್ಕ ಮಕ್ಕಳೂ ಇರುವ ಮನೆಗೆ ರೇಂಜರ್ ಮಾತು, ಹಡಗಿನಲ್ಲೇ ಕೂತು ನೋಡುವ ಸೌಕರ್ಯ, ನಿಧಾನದ ಒಂದು ಪೂರ್ತಿ ದಿನ ಮೂರೂ ಒಟ್ಟಿಗೆ ಸಿಗುವುದು ಅಲ್ಲಿ ಮಾತ್ರ.

ಜೂನೋದ ಮೆಂಡನ್‌ಹಾಲ್ ಹಿಮನದಿಗೆ ಬಸ್ಸಿನಲ್ಲೇ ಹೋಗಬಹುದು. ಬಂದರಿನಿಂದ ಸುಮಾರು 20 ಕಿಲೋಮೀಟರ್. ಇದು ಕಡಲಿಗೆ ಇಳಿಯುವುದಿಲ್ಲ, ಕೆರೆಯ ಆಚೆಗೆ ಕಾಣುತ್ತದೆ, ವರ್ಷ ವರ್ಷ ಹಿಂದೆ ಸರಿಯುತ್ತಿದೆ. ಹಡಗಿನ ಹಿಮನದಿ ದಿನಕ್ಕೆ ಇದು ಬದಲಿ ಅಲ್ಲ, ಜೊತೆಗೆ ಸಿಗುವ ಲಾಭ.

ಹತ್ತುವುದು ಎಲ್ಲಿಂದ?

ಸಿಯಾಟಲ್‌ನಿಂದ ಹೋಗಿ ಅಲ್ಲಿಗೇ ಬರುವ 7 ರಾತ್ರಿಯ ಪ್ರವಾಸ ಅಮೆರಿಕದಲ್ಲಿರುವ ಕನ್ನಡದ ಮನೆಗಳಿಗೆ ಸಲೀಸು. ವಿಮಾನ ಅಗ್ಗ, ಅಪ್ಪ ಅಮ್ಮನ ಜೊತೆ ಒಂದೇ ವಿಮಾನ ನಿಲ್ದಾಣ. ಆದರೆ ಈ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಹೊರಗಿನಿಂದ, ತೆರೆದ ಸಮುದ್ರದಲ್ಲಿ ಸಾಗುತ್ತವೆ. ತೂಗಾಟ ಇರುತ್ತದೆ. ಕೆನಡಾದ ವ್ಯಾಂಕೂವರ್ ನಗರದಿಂದ ಹೊರಟರೆ ದ್ವೀಪಗಳ ಒಳಗಿನ ಇನ್‌ಸೈಡ್ ಪ್ಯಾಸೇಜ್ ಹಿಡಿಯುತ್ತದೆ. ಎರಡೂ ಕಡೆ ಬೆಟ್ಟ, ಕಾಡು, ನೀರು ಕೆರೆಯಂತೆ. ಕಾರಿನಲ್ಲಿ ಘಾಟಿ ಹತ್ತುವಾಗಲೇ ವಾಂತಿ ಮಾಡಿಕೊಳ್ಳುವವರು ಮನೆಯಲ್ಲಿದ್ದರೆ ವ್ಯಾಂಕೂವರ್ ಮೇಲು.

ಇನ್ನೊಂದು ವಿಷಯ. ಸಿಯಾಟಲ್ ಪ್ರವಾಸಗಳಲ್ಲಿ ಕೆಚಿಕನ್‌ಗೆ ಕೆಲವೊಮ್ಮೆ ಬೆಳಿಗ್ಗೆಯ ನಾಲ್ಕೈದು ಗಂಟೆಯಷ್ಟೇ ಸಿಗುತ್ತದೆ. ನಡೆದೇ ಹೋಗಿ ನೋಡುವ ಸಾಲ್ಮನ್ ಹಳ್ಳ ಇರುವುದು ಅಲ್ಲೇ. ಹಡಗು ಎಷ್ಟು ಗಂಟೆಗೆ ಬರುತ್ತದೆ, ಎಷ್ಟಕ್ಕೆ ಹೊರಡುತ್ತದೆ ಅನ್ನುವುದನ್ನು ಟಿಕೆಟ್ ತೆಗೆದುಕೊಳ್ಳುವ ಮೊದಲೇ ನೋಡಿ.

ವ್ಯಾಂಕೂವರ್‌ನಿಂದ ಹೊರಟು ಅಲಾಸ್ಕಾದ ಸೀವರ್ಡ್ ಅಥವಾ ವಿಟಿಯರ್ ಬಂದರಿನಲ್ಲಿ ಇಳಿಯುವ ಒಂದೇ ದಿಕ್ಕಿನ ಪ್ರವಾಸವೂ ಇದೆ. ಹಬರ್ಡ್ ಹೆಚ್ಚಾಗಿ ಸಿಗುವುದು ಇದರಲ್ಲೇ. ಇಳಿದ ಮೇಲೆ ರೈಲು ಹತ್ತಿ ಡೆನಾಲಿ ಪರ್ವತದ ಕಡೆಗೂ ಹೋಗಬಹುದು. ಆದರೆ ಅಲಾಸ್ಕಾ ಕೊಲ್ಲಿಯನ್ನು ದಾಟುವಾಗ ಹಡಗು ಚೆನ್ನಾಗಿ ತೂಗುತ್ತದೆ, ವಿಮಾನದ ಖರ್ಚೂ ಜಾಸ್ತಿ. ಹತ್ತು ಹನ್ನೆರಡು ದಿನ ರಜೆ ಇದ್ದವರಿಗೆ ಮಾತ್ರ.

ಈಗ ವೀಸಾ. ದಯವಿಟ್ಟು ಇದನ್ನು ಎರಡು ಸಲ ಓದಿ. 1886ರ ಒಂದು ಅಮೆರಿಕನ್ ಕಾನೂನಿನ ಪ್ರಕಾರ ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ನಡುವೆ ವಿದೇಶದ ಬಂದರು ಮುಟ್ಟದೆ ಅಮೆರಿಕದ ಬಂದರುಗಳ ನಡುವೆ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ದೊಡ್ಡ ಕ್ರೂಸ್ ಹಡಗುಗಳು ಹೆಚ್ಚು ಕಡಿಮೆ ಎಲ್ಲವೂ ಹೊರದೇಶದವೇ. ಅದಕ್ಕೇ ಸಿಯಾಟಲ್ ಹಡಗು ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುತ್ತದೆ. ಅಂದರೆ ಸಿಯಾಟಲ್‌ನಿಂದ ಹೊರಟರೂ ಭಾರತದ ಪಾಸ್‌ಪೋರ್ಟ್ ಇರುವ ಅಪ್ಪ ಅಮ್ಮನಿಗೆ ಕೆನಡಾ ವೀಸಾ ಬೇಕು. ಎಚ್-1ಬಿ ಕೆಲಸದ ವೀಸಾ ಮೇಲಿರುವವರಿಗೂ ಬೇಕು. ಗ್ರೀನ್ ಕಾರ್ಡ್ ಇರುವವರಿಗೆ ಕಾರ್ಡ್ ಮತ್ತು ಚಾಲ್ತಿಯ ಪಾಸ್‌ಪೋರ್ಟ್ ಇದ್ದರೆ ಸಾಕು. ಹಡಗಿನಿಂದ ಇಳಿಯದೆ ಸುಮ್ನೆ ಕೂತಿರ್ತೀವಿ ಅನ್ನುವ ಲೆಕ್ಕ ಇಟ್ಟುಕೊಳ್ಳಬೇಡಿ. ನಮ್ಮ ಪರಿಚಯದ ಒಂದು ಮನೆಯವರು ಹಾಗೆ ಅಂದುಕೊಂಡು ಹೋಗಿ, ಬಂದರಿನ ಕೌಂಟರ್‌ನಿಂದಲೇ ವಾಪಸ್ ಬರಬೇಕಾಯಿತು. ವಯಸ್ಸಾದ ತಾಯಿ ಚೀಲ ಹಿಡಿದು ನಿಂತಿದ್ದನ್ನು ಅವರು ಹೇಳುವಾಗ ಕೇಳುವ ನನಗೇ ಸಂಕಟವಾಯಿತು. ಅಪ್ಪ ಅಮ್ಮ ಊರಲ್ಲಿರುವಾಗಲೇ ಕೆನಡಾ ವೀಸಾಗೆ ಅರ್ಜಿ ಹಾಕಿಸಿ.

ಸಣ್ಣ ಹಡಗು, ಅಥವಾ ಹಡಗೇ ಬೇಡ

ಕೆನಡಾ ವೀಸಾ ಆಗದಿದ್ದರೆ ಅಲಾಸ್ಕಾ ಕೈತಪ್ಪಿತು ಅಂತಲ್ಲ. ಅಮೆರಿಕದ್ದೇ ನೋಂದಣಿಯ ಸಣ್ಣ ಹಡಗುಗಳಿವೆ, ನೂರರ ಆಸುಪಾಸಿನ ಜನ. ಜೂನೋ, ಸಿಟ್ಕಾ, ಕೆಚಿಕನ್‌ಗಳಿಂದ ಹೊರಟು ಅಲ್ಲಲ್ಲೇ ಮುಗಿಯುವ ಪ್ರವಾಸಗಳು ಕೆನಡಾ ಮುಟ್ಟುವುದಿಲ್ಲ. ಹಿಮನದಿಗೆ ಹತ್ತಿರ ಹೋಗುತ್ತವೆ, ರಬ್ಬರ್ ದೋಣಿ, ಕಯಾಕ್ ಇಳಿಸುತ್ತವೆ. ಆದರೆ ದರ ದೊಡ್ಡ ಹಡಗಿನ ಎರಡರಷ್ಟು, ಮೂರರಷ್ಟು. ಹತ್ತು ವರ್ಷ ದಾಟಿದ, ಕಾಡಿನ ಹುಚ್ಚಿರುವ ಮಕ್ಕಳಿದ್ದರೆ ಚೆನ್ನ. ಮೂರು ವರ್ಷದ ಮಗುವಿಗೂ ಮಂಡಿನೋವಿನ ಅಜ್ಜಿಗೂ ದೊಡ್ಡ ಹಡಗೇ ಹಿತ. ಲಿಫ್ಟ್ ಇದೆ, ವೈದ್ಯರಿದ್ದಾರೆ, ಮಳೆ ಬಂದರೆ ಒಳಗೆ ಆಡಲು ಜಾಗ ಇದೆ.

ಸಸ್ಯಾಹಾರಿಗಳಿಗೂ ದೊಡ್ಡ ಹಡಗೇ ಅನುಕೂಲ. ಮೊದಲೇ ಬರೆದು ತಿಳಿಸಿದರೆ ಭಾರತೀಯ ಸಸ್ಯಾಹಾರದ ಅಡುಗೆ ಮಾಡಿಕೊಡುತ್ತಾರೆ. ಅಡುಗೆಮನೆಯಲ್ಲೂ ಬಡಿಸುವಲ್ಲೂ ಗೋವಾ, ಮಂಗಳೂರು ಕಡೆಯ ಹುಡುಗರು ಸಿಗುತ್ತಾರೆ. ಆಗಸ್ಟ್‌ನ ಪ್ರವಾಸದಲ್ಲಿ ಉಡುಪಿ ಕಡೆಯ ಒಬ್ಬರು ಅಮ್ಮನಿಗೆ ದಿನಾ ರಾತ್ರಿ ಅನ್ನ, ತಿಳಿಸಾರು ತಂದಿಟ್ಟರು.

ಹಡಗೇ ಬೇಡ ಅನ್ನುವವರು ಆಂಕರೇಜ್‌ಗೆ ವಿಮಾನದಲ್ಲಿ ಹೋಗಿ, ಕಾರು ಬಾಡಿಗೆಗೆ ಹಿಡಿದು, ಸೀವರ್ಡ್‌ನಿಂದ ಕೀನಾಯ್ ಫ್ಯೋರ್ಡ್ಸ್‌ಗೆ ಒಂದು ದಿನದ ದೋಣಿ ಹತ್ತಬಹುದು. ವಿಟಿಯರ್‌ನಿಂದಲೂ ಇಂಥ ದೋಣಿಗಳಿವೆ. ಅಲ್ಲಿಗೆ ಹೋಗಲು 4 ಕಿಲೋಮೀಟರ್ ಉದ್ದದ ಒಂಟಿ ದಾರಿಯ ಸುರಂಗ ದಾಟಬೇಕು. ರೈಲೂ ಕಾರೂ ಸರದಿಯಲ್ಲಿ ಅದರಲ್ಲೇ ಹೋಗುತ್ತವೆ, ಮಕ್ಕಳಿಗೆ ಅದೇ ಒಂದು ಸಂಭ್ರಮ. ಆಂಕರೇಜ್ ಊರೊಳಗಿನ ಶಿಪ್ ಕ್ರೀಕ್‌ನಲ್ಲಿ ಬೇಸಿಗೆಯಲ್ಲಿ ಸಾಲ್ಮನ್ ಹತ್ತುವುದನ್ನು ನೋಡಬಹುದು. ನಾಲ್ಕೈದು ದಿನಕ್ಕೆ ಇದು ಒಳ್ಳೆಯ ದಾರಿ.

ಕ್ಯಾಬಿನ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬಾಲ್ಕನಿ ಇಲ್ಲದಿದ್ದರೆ ಹಿಮನದಿ ಕಾಣುವುದಿಲ್ಲ ಅನ್ನುವುದು ಸುಳ್ಳು. ಹಡಗು ತಿರುಗುತ್ತದೆ, ಮೇಲಿನ ಡೆಕ್‌ನಿಂದ ಎಲ್ಲರಿಗೂ ಕಾಣುತ್ತದೆ. ಚಳಿ ತಡೆಯದ ಹಿರಿಯರಿಗೆ ಮಾತ್ರ ಬಾಲ್ಕನಿ ತೆಗೆದುಕೊಡಿ, ಕಂಬಳಿ ಹೊದ್ದು ಕೂತು ನೋಡಬಹುದು. ಉಳಿದವರು ಒಳಗಿನ ಕ್ಯಾಬಿನ್ ತೆಗೆದುಕೊಂಡು ಆ ದುಡ್ಡನ್ನು ದೋಣಿ ಪ್ರವಾಸಕ್ಕೆ ಇಟ್ಟುಕೊಳ್ಳಿ. ಬೇಸಿಗೆಯಲ್ಲೂ 10ರಿಂದ 18 ಡಿಗ್ರಿ ಅಷ್ಟೇ, ಹಿಮನದಿಯ ಮುಂದೆ ಇನ್ನೂ ಕಡಿಮೆ. ಸ್ವೆಟರ್, ಅದರ ಮೇಲೆ ರೇನ್‌ಕೋಟ್, ಮಂಕಿ ಟೋಪಿ. ಕೊಡೆ ಕೆಲಸಕ್ಕೆ ಬರುವುದಿಲ್ಲ. ಕೆಚಿಕನ್‌ನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ. ಆಗುಂಬೆಯಷ್ಟು ಇಲ್ಲ, ಆದರೆ ಆಗುಂಬೆಯ ಹಾಗೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವುದೂ ಇಲ್ಲ.

ಸಾಲ್ಮನ್ ನೋಡಲು ಎಷ್ಟು ಖರ್ಚು?

ಕೆಚಿಕನ್‌ನಲ್ಲಿ ಒಂದು ರೂಪಾಯಿಯೂ ಬೇಡ. ಹಡಗು ಊರಿನ ಬಂದರಿನಲ್ಲೇ ನಿಂತರೆ ಇಳಿದು ಹತ್ತು ಹದಿನೈದು ನಿಮಿಷ ನಡೆದರೆ ಕ್ರೀಕ್ ಸ್ಟ್ರೀಟ್. ಹಳ್ಳದ ಮೇಲೆ ಕಂಬ ನೆಟ್ಟು ಕಟ್ಟಿದ ಮರದ ಬೀದಿ. ಕೆಳಗೆ ಇಣುಕಿದರೆ ಸಾಲ್ಮನ್. ಹಳ್ಳದ ಗುಂಟ ಇನ್ನೂ ಸ್ವಲ್ಪ ಮೇಲೆ ಹೋದರೆ ಫಿಶ್ ಲ್ಯಾಡರ್ ಇದೆ. ಜಲಪಾತ ಹತ್ತಲಾರದ ಮೀನಿಗೆ ಕಟ್ಟಿದ ನೀರಿನ ಮೆಟ್ಟಿಲು. ಆದರೂ ಕೆಲವು ಮೀನು ಜಲಪಾತಕ್ಕೇ ಹಾರುತ್ತವೆ, ಬೀಳುತ್ತವೆ, ಮತ್ತೆ ಹಾರುತ್ತವೆ.

ಜೂನೋದಲ್ಲಿ ಎರಡು ಆಯ್ಕೆ. ಒಂದು, ಮೆಂಡನ್‌ಹಾಲ್ ಪಕ್ಕದ ಸ್ಟೀಪ್ ಕ್ರೀಕ್. ಮರದ ಹಲಗೆಯ ದಾರಿ, ಹಿರಿಯರೂ ಆರಾಮಾಗಿ ನಡೆಯಬಹುದು. ಮೀನು ಇದ್ದಲ್ಲಿ ಕಪ್ಪು ಕರಡಿಯೂ ಬರುತ್ತದೆ, ಹಾಗಾಗಿ ಮಕ್ಕಳ ಕೈ ಬಿಡಬೇಡಿ, ಕೈಯಲ್ಲಿ ತಿಂಡಿ ಇಟ್ಟುಕೊಳ್ಳಬೇಡಿ. ಒಂದೇ ಓಡಾಟದಲ್ಲಿ ಹಿಮನದಿ, ಸಾಲ್ಮನ್, ಅದೃಷ್ಟ ಇದ್ದರೆ ಕರಡಿ ಮೂರೂ ಸಿಗುವ ಜಾಗ ನನಗೆ ಗೊತ್ತಿರುವುದು ಇದೊಂದೇ. ಎರಡು, ಮಕಾಲೆ ಸಾಲ್ಮನ್ ಹ್ಯಾಚರಿ. ಗಾಜಿನಾಚೆ ಮೀನು ಮೆಟ್ಟಿಲು ಹತ್ತುವುದನ್ನು ಹತ್ತಿರದಿಂದ ನೋಡಬಹುದು, ಟಿಕೆಟ್ ಇದೆ. ಮಳೆಯ ದಿನ ಪುಟ್ಟ ಮಕ್ಕಳಿಗೆ ಒಳ್ಳೆಯದು. ಅಲಾಸ್ಕಾದಲ್ಲಿ ಬಲೆ ಕಟ್ಟಿ ಸಾಲ್ಮನ್ ಸಾಕುವುದನ್ನು 1990ರಲ್ಲೇ ನಿಷೇಧಿಸಿದ್ದಾರೆ. ಹ್ಯಾಚರಿಯಲ್ಲಿ ಮರಿ ಮಾಡಿ ಕಡಲಿಗೆ ಬಿಡುತ್ತಾರೆ, ಅವು ತಾವಾಗಿ ಬೆಳೆದು ವಾಪಸ್ ಬರುತ್ತವೆ. ಆದರೆ ಕಾಡಿನ ಹಳ್ಳದಲ್ಲಿ ತಾನೇ ಹುಟ್ಟಿದ ಮೀನನ್ನು ನೋಡಬೇಕು ಅನ್ನುವವರಿಗೆ ಸ್ಟೀಪ್ ಕ್ರೀಕೇ ಸರಿ.

ಪೋಲರೈಸ್ಡ್ ಕನ್ನಡಕ ಇದ್ದರೆ ತೆಗೆದುಕೊಂಡು ಹೋಗಿ. ನೀರಿನ ಮೇಲಿನ ಹೊಳಪು ಕಡಿಮೆಯಾಗಿ ಮೀನು ಸ್ಪಷ್ಟವಾಗಿ ಕಾಣುತ್ತದೆ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿ ಅಭ್ಯಾಸ ಇರುವ ಅಜ್ಜ ಅಜ್ಜಿಗೆ ಇಲ್ಲಿ ಏನೂ ಹಾಕುವಂತಿಲ್ಲ ಅಂತ ಮೊದಲೇ ಹೇಳಿ.

ಮಕ್ಕಳಿಗೂ ಒಂದು ಮಾತು ಮೊದಲೇ ಹೇಳಿರಬೇಕು. ಆಗಸ್ಟ್‌ನ ಹಳ್ಳದಲ್ಲಿ ಸತ್ತ ಮೀನೂ ಇರುತ್ತದೆ, ವಾಸನೆಯೂ ಇರುತ್ತದೆ. ಮೈ ಬಿಳಚಿಕೊಂಡು, ರೆಕ್ಕೆ ಹರಿದು, ಇನ್ನೂ ಹರಿವಿನ ಎದುರು ನಿಂತ ಮೀನನ್ನು ನೋಡಿ ನಮ್ಮ ಮಗಳು ಅತ್ತುಬಿಟ್ಟಳು. ಅಪ್ಪ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ದಡದಲ್ಲಿ ಮೀನು ಕಚ್ಚಿಕೊಂಡು ಹೋಗುತ್ತಿದ್ದ ಹದ್ದನ್ನು ತೋರಿಸಿದರು. ಕರಡಿ, ಹದ್ದು ತಿಂದು ಬಿಟ್ಟ ಮೀನು ಕೊಳೆತು ಈ ಮರಗಳಿಗೇ ಗೊಬ್ಬರ ಆಗುತ್ತೆ ಅಂದರು. ಅವಳು ಕಣ್ಣೊರೆಸಿಕೊಂಡು, ಹಾಗಾದರೆ ಮೊಟ್ಟೆ ಎಲ್ಲಿದೆ ಅಂತ ಜಲ್ಲಿಕಲ್ಲಿನ ನಡುವೆ ಹುಡುಕತೊಡಗಿದಳು. ಹಡಗಿಗೆ ವಾಪಸ್ ಹೋಗುವ ಹೊತ್ತಾಗಿತ್ತು. ಇನ್ನು ಹತ್ತೇ ನಿಮಿಷ ಅಂತ ಅಮ್ಮನೇ ಬೇಡಿಕೊಂಡರು.